ಡೌಟಣ್ಣ ಕೇಳಿದ ಬಾಟಲಿ

ಆತ ಮೊದಲ ಸಲ ಮನೆ ಬಾಗಿಲಿಗೆ ಬಂದಾಗ ಬೆಳಗಿನ ಹತ್ತೂಕಾಲು ಗಂಟೆ. ಅವಳ ಗಂಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಬಾಗಿಲು ತೆರೆದೇ ಇದ್ದರೂ ಆತ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲೆಲ್ಲ ಕರಿ. ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ.

“ಬ್ರೇಕ್ ಕೆಲಸದವ್ನು ನಾನು,” ಎಂದ. “ನಿಮ್ಮ ಮನೆಯವ್ರ ಲಾರಿಗೆ ಬ್ರೇಕ್ ಮಾಡಿದ್ದು ನಾನೇ.”

ಗೋಡೆಗೆ ಒರಗಿ ಕೂತಿದ್ದ ಅವಳು ಎದ್ದು ನಿಂತಳು. ಪಕ್ಕದಲ್ಲಿ ಅವಳ ಹೊಲಿಗೆ ಮಿಷನ್ನು. ಒಂಬತ್ತು ದಿನದಿಂದ ಅದರ ಮೇಲೆ ಬಟ್ಟೆ ಮುಚ್ಚಿತ್ತು. ಬಂದವನು ಸಮಾಧಾನದ ಮಾತೊಂದನ್ನೂ ಆಡಲಿಲ್ಲ.

“ಒಂದು ವಿಷಯ ಕೇಳ್ಬೇಕಿತ್ತು. ಅವ್ರು ಗಾಡೀಲಿ ಬ್ರೇಕ್ ಆಯಿಲ್ ಇಟ್ಕೊಳ್ತಿದ್ರಾ? ಬಾಟ್ಲೀಲೋ ಡಬ್ಬೀಲೋ? ಅದೇನಾದ್ರೂ ಮನೆಗೆ ಬಂದಿದ್ಯಾ?”

ಬಂದಿತ್ತು. ಹಿಂದಿನ ದಿನವಷ್ಟೇ ಪೊಲೀಸರು ಒಂದು ಗೋಣಿಚೀಲ ಕೊಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದರು. ಒಂದು ಟವೆಲ್ಲು, ಕನ್ನಡಕದ ಡಬ್ಬಿ, ಒಂಟಿ ಚಪ್ಪಲಿ, ಚಹಾದ ಫ್ಲಾಸ್ಕು, ಅರ್ಧಕ್ಕಿಂತ ಕಡಿಮೆ ಎಣ್ಣೆಯಿದ್ದ ಕಂದು ಗಾಜಿನ ಬಾಟಲಿ. ಎಲ್ಲವನ್ನೂ ಅವಳು ಟ್ರಂಕಿನೊಳಗೆ ಇಟ್ಟಿದ್ದಳು. ಬ್ರೇಕ್ ಮಾಡಿದವನೇ ಬಂದು ಎಣ್ಣೆ ಎಲ್ಲಿ ಎಂದು ಕೇಳುತ್ತಾನೆ ಎಂದರೆ ಆ ಎಣ್ಣೆಯಲ್ಲೇ ಏನೋ ಇದೆ. ಒಯ್ದು ಚೆಲ್ಲಿ ಕೈತೊಳೆದುಕೊಳ್ಳುವುದಕ್ಕೆ ಬಂದಿದ್ದಾನೆ ಎಂದುಕೊಂಡಳು.

“ಏನೂ ಇಲ್ಲ,” ಎಂದಳು.

ಒಳಕೋಣೆಯಿಂದ ನಾದಿನಿ ಹೊರಗೆ ಬಂದಳು. ಗಂಡನ ತಂಗಿ, ಅತ್ತು ಅತ್ತು ಕಣ್ಣು ಊದಿದ್ದರೂ ನಾಲಿಗೆ ಊದಿರಲಿಲ್ಲ. “ಏನಪ್ಪಾ ನೋಡೋಕೆ ಬಂದಿದೀಯ? ಸತ್ತೋನು ಪೂರ್ತಿ ಸತ್ತಿದಾನೋ ಇಲ್ವೋ ಅಂತ ಗ್ಯಾರಂಟಿ ಮಾಡ್ಕೊಳ್ಳೋಕಾ?”

ಆತ ಅವಳತ್ತ ನೋಡಲೇ ಇಲ್ಲ. ಟ್ರಂಕಿನತ್ತಲೂ ನೋಡಲಿಲ್ಲ. “ಸಿಕ್ಕಿದ್ರೆ ಎಸೀಬೇಡಿ,” ಎಂದ. “ಅಷ್ಟೇ.” ಅಂಗಳ ದಾಟಿ ಹೋಗುವಾಗ ಗೇಟಿನ ಅಗಳಿ ಹಾಕಿದ, ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಅಗಳಿ ಬಿದ್ದಿದೆಯೇ ಎಂದು ಮತ್ತೊಮ್ಮೆ ಅಲ್ಲಾಡಿಸಿ ನೋಡಿದ.

ಅವತ್ತು ಮಧ್ಯಾಹ್ನ ಅವಳು ಟ್ರಂಕಿಗೆ ಬೀಗ ಹಾಕಿದಳು.

ನಡೆದದ್ದು ಇಷ್ಟು. ಇಟ್ಟಿಗೆ ಹೇರಿದ ಲಾರಿ, ಉದ್ದನೆಯ ಇಳಿಜಾರು. ಕೆಳಗೆ ತೂಕದ ಕಟ್ಟೆಯ ಮುಂದೆ ಗಾಡಿಗಳ ಸಾಲು. ಅರ್ಧ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ತಳ ಸೇರಿತು, ಬ್ರೇಕು ಹಿಡಿಯಲಿಲ್ಲ. ಅವಳ ಗಂಡ ಸಾಲಿನ ಮೇಲೆ ನುಗ್ಗದೆ ಲಾರಿಯನ್ನು ಪಕ್ಕದ ಕಲ್ಲುಗೋಡೆಗೆ ತಿರುಗಿಸಿದ. ಆ ಲಾರಿಯ ಬ್ರೇಕನ್ನು ಬಿಚ್ಚಿ ಹೊಸದಾಗಿ ಜೋಡಿಸಿ ಬರೀ ಹನ್ನೊಂದು ದಿನವಾಗಿತ್ತು. ತಪಾಸಣೆಯ ಅಧಿಕಾರಿ ಬಂದು ಕೇಳಿದಾಗ ಈ ಬ್ರೇಕಿನವನು, “ನನ್ನ ಕೈ ತಪ್ಪಿರಬಹುದು. ಇಲ್ಲ ಅನ್ನೋಕೆ ನನ್ನ ಹತ್ರ ಸಾಕ್ಷಿ ಇಲ್ಲ,” ಎಂದನಂತೆ. ಅಧಿಕಾರಿ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದು ಕಡತ ಕಟ್ಟಿದ.

“ಅವನೇ ಒಪ್ಕೊಂಡಿದಾನಲ್ಲ, ಇನ್ನೇನು ಬೇಕು?” ಎಂದಳು ನಾದಿನಿ.

ಅವಳಿಗೆ ಅಷ್ಟು ಸಾಲದಾಗಿತ್ತು. ‘ಇರಬಹುದು’ ಎಂಬ ಮಾತು ಅವಳನ್ನು ಬಿಡಲಿಲ್ಲ. ತನ್ನ ಗಂಡನನ್ನು ಕೊಂದದ್ದು ಈ ಮನುಷ್ಯನ ಕೈಯೋ ಅಲ್ಲವೋ, ಅದೊಂದು ಅವಳಿಗೆ ಗೊತ್ತಾಗಬೇಕಿತ್ತು. ಮೂರು ತಿಂಗಳು ಕಳೆದ ಮೇಲೆ ಅವಳು ಆ ಅಂಗಡಿಗೇ ಹೋಗಿ ಕೆಲಸ ಕೇಳಿದಳು.

ಅದು ತಗಡಿನ ಉದ್ದ ಶೆಡ್ಡು. ನೆಲದಲ್ಲಿ ಮೂರು ಗುಂಡಿ, ಗುಂಡಿಯ ಮೇಲೆ ಗಾಡಿ. ಮುಂಭಾಗದಲ್ಲಿ ವೆಲ್ಡರನ ಕಿಡಿ, ಹಿಂಭಾಗದಲ್ಲಿ ಜಾಲರಿ ಹಾಕಿದ ಕೋಣೆ; ಅದು ಬ್ರೇಕಿನವನದು. ಅಲ್ಲಿ ಧೂಳು ಬರಬಾರದು ಎಂದು ಬಾಗಿಲಿಗೆ ಎರಡು ಪದರ ಪರದೆ. ಮಾಲೀಕ ಅವಳನ್ನು ಕಂಡು ಕುರ್ಚಿಯಿಂದ ಎದ್ದ, ಮತ್ತೆ ಕೂತ, ಕೊನೆಗೆ ಪರದೆಯತ್ತ ತಿರುಗಿ ಕೂಗಿದ: “ಇವ್ರು ಕೆಲಸ ಕೇಳ್ತಿದಾರೆ. ಯಾರು ಗೊತ್ತಾಯ್ತಲ್ಲ?”

ಪರದೆ ಸರಿಯಿತು. ಆತ ಅವಳನ್ನು ಒಂದು ಗಳಿಗೆ ನೋಡಿದ. “ಅನುಮಾನ ಇರೋರು ಹತ್ರಾನೇ ಇರ್ಲಿ,” ಎಂದ. “ಭಾಗಗಳನ್ನ ತೊಳ್ಯೋಕೆ ಒಬ್ರು ಬೇಕಾಗಿದ್ರು. ಡ್ರೈವರಮ್ಮ, ನಾನು ಏನು ಮಾಡಿದ್ರೂ ನೋಡ್ತಾ ಇರಿ. ತಪ್ಪು ಕಂಡ್ರೆ ಬಾಯಿಬಿಟ್ಟು ಹೇಳಿ.”

ಹೀಗೆ ಅವಳು ಡ್ರೈವರಮ್ಮ ಆದಳು. ಆತನನ್ನು ಅಂಗಡಿಯವರೆಲ್ಲ ಡೌಟಣ್ಣ ಎನ್ನುತ್ತಿದ್ದರು. ಅವಳು ಮಾತ್ರ ಅಣ್ಣ ಎನ್ನಲಿಲ್ಲ. ಕರೆಯಲೇಬೇಕಾದರೆ “ರೀ” ಎನ್ನುತ್ತಿದ್ದಳು, ಇಲ್ಲವೇ ತಟ್ಟೆಯನ್ನು ಬೆಂಚಿನ ಮೇಲೆ ಸದ್ದಾಗುವಂತೆ ಇಡುತ್ತಿದ್ದಳು.

ಆ ಹೆಸರು ಯಾಕೆ ಬಂತು ಎಂದು ವೆಲ್ಡರ್ ಹೇಳಿದ. “ಮಳೆ ಬರ್ತಿದೆ ಅಂದ್ರೆ ಅವ್ನು ಕೈ ಚಾಚಿ ನೋಡ್ತಾನೆ. ಆಮೇಲೆ ಕೈ ನಿಜವಾಗ್ಲೂ ಒದ್ದೆ ಆಗಿದ್ಯಾ ಅಂತ ಇನ್ನೊಬ್ಬನ್ನ ಕೇಳ್ತಾನೆ. ಇಪ್ಪತ್ತರ ವಯಸ್ಸಲ್ಲಿ ಬಸ್ ಡಿಪೋದಲ್ಲಿ ಇದ್ದ. ಒಂದಿನ ಬಸ್ಸು ಹೊರಟ್ಹೋದ್ಮೇಲೆ ನೋಡ್ತಾನೆ, ಬೆಂಚಿನ ಮೇಲೆ ಒಂದು ಪುಟ್ಟ ಸ್ಪ್ರಿಂಗು. ವಾಲ್ವಿನ ಸ್ಪ್ರಿಂಗು! ಸೈಕಲ್ ಹತ್ತಿ ನಾಲ್ಕು ಮೈಲಿ ಬಸ್ಸಿನ ಹಿಂದೆ ಓಡಿ, ಅಡ್ಡ ನಿಲ್ಸಿ, ಐವತ್ತು ಜನಾನ ರಸ್ತೇಲಿ ಇಳ್ಸಿದಾನೆ. ಬಿಚ್ಚಿ ನೋಡಿದ್ರೆ ಅದರ ಸ್ಪ್ರಿಂಗು ಅದರಲ್ಲೇ ಇದೆ. ಬೆಂಚಿನ ಮೇಲಿದ್ದಿದ್ದು ಇನ್ಯಾವ್ದೋ ಪೊಟ್ಟಣದ್ದು. ಕೆಲಸ ಹೋಯ್ತು. ‘ಇದ್ದಿದ್ದು ಒಳ್ಳೇದಾಯ್ತು’ ಅಂತ ನಗ್ತಾ ಮನೆಗೆ ಹೋದ್ನಂತೆ!”

ವೆಲ್ಡರ್ ನಕ್ಕ. ಅವಳು ನಗಲಿಲ್ಲ. ಇಷ್ಟೆಲ್ಲ ಜೋಪಾನ ಮಾಡುವವನು ತನ್ನ ಗಂಡನ ಲಾರಿಯೊಂದರಲ್ಲೇ ಯಾಕೆ ಎಡವಿದ ಎಂದು ಲೆಕ್ಕ ಹಾಕುತ್ತಿದ್ದಳು.

ತೊಳೆಯುತ್ತ ತೊಳೆಯುತ್ತ ಅವಳಿಗೆ ಕೆಲಸ ತಿಳಿಯಿತು. ಮಾಸ್ಟರ್ ಸಿಲಿಂಡರ್ ಎಂದರೆ ಒಂದು ಪಂಪು. ಕಾಲಿನಿಂದ ಪೆಡಲ್ ಒತ್ತಿದರೆ ಒಳಗಿನ ಪಿಸ್ಟನ್ ಮುಂದಕ್ಕೆ ಹೋಗುತ್ತದೆ. ಅದರ ತುದಿಯಲ್ಲಿ ರಬ್ಬರಿನ ಪುಟ್ಟ ಬಟ್ಟಲು ಇರುತ್ತದೆ, ಅದು ಎಣ್ಣೆಯನ್ನು ದಬ್ಬುತ್ತದೆ. ಎಣ್ಣೆ ಸಣ್ಣ ಕೊಳವೆಯಲ್ಲಿ ಹರಿದು ನಾಲ್ಕೂ ಚಕ್ರಕ್ಕೆ ಹೋಗಿ ಬ್ರೇಕನ್ನು ಹಿಡಿಸುತ್ತದೆ. ಕಾಲು ತೆಗೆದರೆ ಎಣ್ಣೆ ಸೂಜಿ ತೂರುವಷ್ಟು ಚಿಕ್ಕ ತೂತಿನಿಂದ, ಮೇಲೆ ಎಣ್ಣೆ ತುಂಬುವ ತೊಟ್ಟಿಗೆ ವಾಪಸ್ಸು ಬರಬೇಕು. ಕೊನೆಯಲ್ಲಿ ಒಂದು ವಾಲ್ವು, ಎಷ್ಟು ಬಿಡಬೇಕೋ ಅಷ್ಟೇ ಬಿಡುವುದಕ್ಕೆ.

“ಆ ಸಣ್ಣ ತೂತು ಮುಚ್ಕೊಂಡ್ರೆ?” ಎಂದು ಒಂದು ದಿನ ಕೇಳಿದಳು.

“ಎಣ್ಣೆ ವಾಪಸ್ ಬರಲ್ಲ. ಬ್ರೇಕು ಹಿಡ್ಕೊಂಡೇ ಇರುತ್ತೆ. ಹಿಡ್ಕೊಂಡೇ ಉಜ್ಜಿ ಉಜ್ಜಿ ಕಾಯುತ್ತೆ. ಎಣ್ಣೆ ಕುದ್ದು ಹಬೆ ಆಗುತ್ತೆ. ಎಣ್ಣೆ ಒತ್ತಿದ್ರೆ ಕುಗ್ಗಲ್ಲ, ಹಬೆ ಕುಗ್ಗುತ್ತೆ. ಆಗ ಪೆಡಲ್ ತಳ ಸೇರುತ್ತೆ.” ಅವಳ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಇಬ್ಬರಿಗೂ ಒಂದೇ ಇಳಿಜಾರು ಕಂಡಿತ್ತು.

ರಬ್ಬರಿನ ಬಟ್ಟಲನ್ನು ಮಾತ್ರ ಸೀಮೆಎಣ್ಣೆಯಲ್ಲಿ ತೊಳೆಯುವ ಹಾಗಿರಲಿಲ್ಲ. ಅದಕ್ಕೆ ಬೇರೆ ತಟ್ಟೆ, ಬೇರೆ ಬಟ್ಟೆ, ಬರೀ ಬ್ರೇಕ್ ಆಯಿಲ್. ಉಳಿದ ಯಾವ ಎಣ್ಣೆ ಸೋಕಿದರೂ ರಬ್ಬರು ಊದಿಕೊಳ್ಳುತ್ತದೆ ಎಂದು ಆತ ಮೊದಲ ದಿನವೇ ಹೇಳಿದ್ದ. ಹೊಸ ಡಬ್ಬಿ ಬಂದರೆ ಮೂಸಿ ನೋಡುತ್ತಿದ್ದ, ಒಂದು ಹನಿಯನ್ನು ಕಾಗದಕ್ಕೆ ಬಿಟ್ಟು ನೋಡುತ್ತಿದ್ದ. ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು ಬೀಗದ ಪೆಟ್ಟಿಗೆಯಲ್ಲಿ ಇಡುತ್ತಿದ್ದ.

“ಮೊದಲಿನಿಂದ್ಲೂ ಹೀಗೇನಾ?” ಎಂದು ಅವಳು ವೆಲ್ಡರನನ್ನು ಸಹಜವಾಗಿ ಎಂಬಂತೆ ಕೇಳಿದಳು.

“ಇಲ್ಲಪ್ಪ. ಈ ಕೆಂಪು ಬಣ್ಣ, ಬೀಗ ಎಲ್ಲ ನಿಮ್ಮ ಮನೆಯವ್ರದ್ದು ಆದ್ಮೇಲೆ.”

ಅವಳ ಅನುಮಾನಕ್ಕೆ ಕಾಲು ಬಂತು. ಆಮೇಲೆ ಆತ ಇನ್ನೊಂದು ಶುರು ಮಾಡಿದ. ಹಳೆಯ ಲಾರಿಗಳ ಎಣ್ಣೆ ತೊಟ್ಟಿ ತಗಡಿನದು, ಒಳಗೇನಿದೆ ಕಾಣುವುದಿಲ್ಲ. ಆತ ತೊಟ್ಟಿಯ ಪಕ್ಕಕ್ಕೆ ತೂತು ಕೊರೆದು ಬೆರಳುದ್ದದ ಗಾಜಿನ ಕೊಳವೆಯೊಂದನ್ನು ಕೂರಿಸತೊಡಗಿದ. ಗಾಡಿಯವರು ಕೇಳದಿದ್ದರೂ ಕೂರಿಸುತ್ತಿದ್ದ. ಕೂರಿಸಿದ್ದನ್ನು ಹಳೆಯ ಜಾಕಿಯಿಂದ ತಾನೇ ಮಾಡಿಕೊಂಡಿದ್ದ ಒತ್ತಡದ ಪಂಪಿಗೆ ಕಟ್ಟಿ, ಊಟ ಮುಗಿಸಿ ಬರುವವರೆಗೂ ಬಿಟ್ಟು, ಒತ್ತಡ ತೋರಿಸುವ ಮುಳ್ಳು ಒಂದು ಕೂದಲೆಳೆ ಇಳಿದಿದ್ದರೂ ಬಿಚ್ಚಿ ಮತ್ತೆ ಮಾಡುತ್ತಿದ್ದ. ಅದರ ಚಿತ್ರ ಬರೆದು ತೊಟ್ಟಿ ತಯಾರಿಸುವ ಕಾರ್ಖಾನೆಗೆ ಎರಡು ಸಲ ಕಳಿಸಿದ, ಉತ್ತರ ಬರಲಿಲ್ಲ.

“ಈ ಗಾಜು ಯಾಕೆ ರೀ?”

“ಬೇರೆ ಎಣ್ಣೆ ಬಿದ್ರೆ ಬೆರೆಯಲ್ಲ, ಮೇಲೆ ತೇಲುತ್ತೆ. ಕಣ್ಣಿಗೆ ಕಾಣ್ಲಿ ಅಂತ.”

ತಾನು ಹರಿದದ್ದಕ್ಕೆ ತೇಪೆ ಹಾಕುತ್ತಿದ್ದಾನೆ ಎಂದುಕೊಂಡಳು ಅವಳು. ತಪ್ಪು ಡಬ್ಬಿಯಿಂದ ಸುರಿದವನು ಇವನೇ. ಇಲ್ಲದಿದ್ದರೆ ಈ ಗಾಜಿನ ಹುಚ್ಚು ಯಾಕೆ?

ಪ್ರತಿ ಭಾನುವಾರ ನಾದಿನಿ ಬಂದು ಚಹಾ ಆರುವ ಮೊದಲೇ ಕೇಳುತ್ತಿದ್ದಳು: “ಏನಾದ್ರೂ ಸಿಕ್ತಾ?”

“ಇನ್ನೂ ಇಲ್ಲ.”

“ಅತ್ತಿಗೆ, ನೀನು ಪತ್ತೆ ಮಾಡೋಕೆ ಹೋಗಿದೀಯೋ, ಅವನ ಬಟ್ಟಲು ತೊಳ್ಯೋಕೆ ಹೋಗಿದೀಯೋ?”

ವರ್ಷಗಳು ಹೀಗೆಯೇ ಹೋದವು. ಮಧ್ಯೆ ಅವಳಿಗೆ ಇನ್ನೊಂದು ಕೆಲಸವೂ ಬಂತು. ಬ್ರೇಕ್ ಜೋಡಿಸಿದ ಮೇಲೆ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು. ಇನ್ನೊಬ್ಬರು ಕೆಳಗೆ ಚಕ್ರದ ಹಿಂದಿನ ತಿರುಪನ್ನು ಬಿಚ್ಚಿ, ಅಲ್ಲಿಂದ ಒಂದು ಗಾಜಿನ ಸೀಸೆಗೆ ಇಳಿಬಿಟ್ಟ ಕೊಳವೆಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೋಡಬೇಕು. ಆತ ಗುಂಡಿಯೊಳಗಿಂದ “ಒತ್ತಿ… ಹಿಡ್ಕೊಳ್ಳಿ… ಬಿಡಿ” ಎನ್ನುವನು. ಅವಳು ಗಂಡ ಕೂರುತ್ತಿದ್ದಂಥದೇ ಸೀಟಿನಲ್ಲಿ ಕೂತು ಒತ್ತುವಳು. “ಗಟ್ಟಿ ಆಯ್ತಾ?” ಎಂದು ಕೇಳುವನು. “ಆಯ್ತು” ಎನ್ನುವಳು. ಆದರೂ ಆತ ಕೈ ಒರೆಸಿಕೊಂಡು ಮೇಲೆ ಬಂದು, ಅವಳನ್ನು ಇಳಿಸಿ, ತಾನು ಕೂತು ಮೂರು ಸಲ ಒತ್ತಿ ನೋಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದ ಮೇಲೆಯೇ ಗಾಡಿ ಹೊರಡಬೇಕು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳ ಮಾತಿನ ಮೇಲೆ ಗಾಡಿ ಬಿಟ್ಟವನಲ್ಲ.

“ನನ್ನ ಕಾಲಿನ ಮೇಲೂ ಡೌಟಾ?” ಎಂದು ಒಮ್ಮೆ ಕೇಳಿಯೇಬಿಟ್ಟಳು.

“ನನ್ನ ಕಾಲಿನ ಮೇಲೂ ಇದೆ. ಅದಕ್ಕೇ ಮೂರು ಸಲ.”

ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಯಾವ ಗಾಡಿ ಬಿಚ್ಚಿದರೂ ಅದರಿಂದ ತೆಗೆದ ಹಳೆಯ ಭಾಗಗಳನ್ನು ಆತ ಬಟ್ಟೆಯಲ್ಲಿ ಗಂಟು ಕಟ್ಟಿ, ಗಾಡಿಯ ನಂಬರಿನ ಚೀಟಿ ಹಾಕಿ ಅದರೊಳಗೆ ಇಡುತ್ತಿದ್ದ. ಎಸೆಯುವ ಅಭ್ಯಾಸವೇ ಇರಲಿಲ್ಲ. ಬೀಗದ ಕೈ ಸೊಂಟದಲ್ಲಿ. ಹನ್ನೊಂದು ವರ್ಷ ಅವಳ ಕಣ್ಣು ಆ ಬೀಗದ ಕೈಯ ಮೇಲೆಯೇ ಇತ್ತು.

ಆತನ ಕಣ್ಣಿಗೆ ಪೊರೆ ಬಂದು ಚೀಟಿ ಓದಲಾಗದೆ ಹೋದಾಗ ಅದು ತಾನಾಗಿಯೇ ಕೈಗೆ ಬಂತು. “ಡ್ರೈವರಮ್ಮ, ಗಂಟುಗಳನ್ನ ನಂಬರಿನ ಪ್ರಕಾರ ಜೋಡ್ಸಿಡಿ,” ಎಂದು ಬೀಗದ ಕೈಯನ್ನು ಅಂಗೈಗೆ ಹಾಕಿದ. ಅವಳಿಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತಿತ್ತು. ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಆ ಲಾರಿಯ ನಂಬರಂತೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಕೆಳಗಿನ ಅರೆಯಲ್ಲಿ, ಗೋಡೆಯ ಕಡೆಗೆ, ಒಂದೇ ನಂಬರಿನ ಎರಡು ಗಂಟು ಇದ್ದವು. ಒಂದು, ಲಾರಿ ಓಡುತ್ತಿದ್ದಾಗ ರಿಪೇರಿಯಲ್ಲಿ ತೆಗೆದದ್ದು. ಇನ್ನೊಂದು, ಗೋಡೆಗೆ ಬಡಿದ ಲಾರಿಯಿಂದ ಆಮೇಲೆ ತೆಗೆದದ್ದು. ಎರಡನೆಯ ಗಂಟು ಬಿಚ್ಚಿದಳು. ರಬ್ಬರಿನ ಬಟ್ಟಲು ನೆನೆಹಾಕಿದ ಕಾಳಿನ ಹಾಗೆ ಊದಿ, ಮೆತ್ತಗಾಗಿ, ಅಂಚು ಹೊರಳಿಕೊಂಡು ಹಾಗೆಯೇ ಒಣಗಿತ್ತು.

ಸಿಕ್ಕಿತು ಎಂದುಕೊಂಡಳು. ಬೇರೆ ಎಣ್ಣೆ ಬಿದ್ದಿದೆ. ಊದಿದ ಬಟ್ಟಲು ಆ ಸಣ್ಣ ತೂತನ್ನು ಮುಚ್ಚಿದೆ. ಸುರಿದದ್ದು ಯಾರು ಎಂಬುದೊಂದೇ ಉಳಿದದ್ದು. ಅದಕ್ಕೆ ಸಾಕ್ಷಿ ಟ್ರಂಕಿನಲ್ಲಿದೆ. ಆ ಬಾಟಲಿಯಲ್ಲಿದ್ದದ್ದು ಇದೇ ಅಂಗಡಿಯ ಎಣ್ಣೆ. ಗಂಡ ಸಾಯುವುದಕ್ಕೆ ವಾರದ ಹಿಂದೆ ಇಲ್ಲಿಂದಲೇ ಚಿಕ್ಕ ಡಬ್ಬಿಯಲ್ಲಿ ತಂದದ್ದು.

ಅವಳು ಅವಸರ ಮಾಡಲಿಲ್ಲ. ಹೊಸ ಪೊಟ್ಟಣದಿಂದ ಎರಡು ರಬ್ಬರ್ ಬಟ್ಟಲು ಕೇಳಿ ತೆಗೆದುಕೊಂಡಳು. ಯಾಕೆ ಎಂದು ಆತ ಕೇಳಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಇರಿಸುಮುರಿಸಾಯಿತು. ಮನೆಯಲ್ಲಿ ಕಿಟಕಿ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ ಇಟ್ಟಳು. ಒಂದಕ್ಕೆ ಅಂಗಡಿಯ ಈಗಿನ ಎಣ್ಣೆ. ಇನ್ನೊಂದಕ್ಕೆ ಟ್ರಂಕಿನ ಬಾಟಲಿಯದು. ಸುರಿಯುವ ಮೊದಲು ಕಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗೆ ನೂಲಿನಷ್ಟು ಸಣ್ಣ ಗೆರೆಯೊಂದು ಕಂಡಿತು. ಗೆರೆಯ ಕೆಳಗೆ ಒಂದು ಎಣ್ಣೆ, ಮೇಲೆ ಅರ್ಧ ಬೆರಳಿನಷ್ಟು ಇನ್ನೊಂದು.

ಅಲ್ಲಾಡಿಸಿದಳು. ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಸುರಿದು ಬಟ್ಟಲು ಮುಳುಗಿಸಿದಳು.

ದಿನವೂ ಬೆಳಿಗ್ಗೆ ನೂಲು ಸುತ್ತಿ ಅಳೆದಳು. ಐದನೆಯ ದಿನಕ್ಕೆ ಎರಡನೆಯ ಲೋಟದ ಬಟ್ಟಲು ನೂಲಿನ ಗಂಟು ದಾಟಿತ್ತು. ಒಂಬತ್ತನೆಯ ದಿನ ಬೆರಳಿಗೆ ಮೆತ್ತಗೆ ಹತ್ತಿತು. ಅದನ್ನು ಮೂಗಿನ ಹತ್ತಿರ ತಂದಾಗ ಪರಿಚಯದ ವಾಸನೆ. ಅಂಗಡಿಯ ವಾಸನೆ ಅಲ್ಲ, ಮನೆಯ ವಾಸನೆ. ಅವಳ ತಲೆ ತಾನಾಗಿ ಮೂಲೆಯ ಹೊಲಿಗೆ ಮಿಷನ್ನಿನತ್ತ ತಿರುಗಿತು.

ಆಗ ನೆನಪಾಯಿತು. ಗಂಡ ತಂದ ಡಬ್ಬಿ ತಳದಲ್ಲಿ ಸೋರುತ್ತಿತ್ತು. “ಇದನ್ನ ಯಾವ್ದಾದ್ರೂ ಬಾಟ್ಲಿಗೆ ಹಾಕಿಡು,” ಎಂದು ಹೇಳಿ ಸ್ನಾನಕ್ಕೆ ಹೋಗಿದ್ದ. ಮನೆಯಲ್ಲಿದ್ದದ್ದು ಮಿಷನ್ ಎಣ್ಣೆಯ ಬಾಟಲಿ ಒಂದೇ. ತಳದಲ್ಲಿ ಎರಡು ಬೆರಳು ಎಣ್ಣೆ ಉಳಿದಿತ್ತು. ಒಳ್ಳೆಯ ಎಣ್ಣೆ, ಚೆಲ್ಲುವುದೇಕೆ ಎಂದು ಅದರ ಮೇಲೆಯೇ ಸುರಿದಿದ್ದಳು. ಎರಡೂ ಒಂದೇ ಬಣ್ಣ, ಎರಡೂ ಜಾರುತ್ತವೆ; ಎಣ್ಣೆ ಎಂದರೆ ಎಣ್ಣೆ ಎಂದುಕೊಂಡಿದ್ದಳು.

ಎಂಟು ತಿಂಗಳು ಅವಳು ತುಟಿ ಪಿಟಕ್ಕೆನ್ನಲಿಲ್ಲ. ಕೆಲಸಕ್ಕೆ ಹೋದಳು, ಬಂದಳು. ಮೊದಲು ಆತ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನ ಇತ್ತು. ಈಗ ಆತನಿಗೆ ಎಲ್ಲ ಗೊತ್ತು ಎಂಬ ಅನುಮಾನ. ಬೀಗದ ಕೈ ಕೊಟ್ಟದ್ದು ಬೇಕೆಂದೇ ಇರಬೇಕು. ಬಟ್ಟಲು ಯಾಕೆ ಎಂದು ಕೇಳದಿದ್ದದ್ದೂ ಬೇಕೆಂದೇ. “ಡ್ರೈವರಮ್ಮ, ಚಹಾ ತಗೊಳ್ಳಿ” ಎಂದರೂ ಅದರೊಳಗೆ ಏನೋ ಇದೆ ಎಂದು ಅಳೆಯುತ್ತಿದ್ದಳು.

ನಾದಿನಿ ಬಂದು, “ಏನಾದ್ರೂ ಸಿಕ್ತಾ?” ಎಂದರೆ, “ಇನ್ನೂ ಇಲ್ಲ” ಎಂದು ಹಳೆಯ ಉತ್ತರವನ್ನೇ ಕೊಟ್ಟಳು. ಹನ್ನೊಂದು ವರ್ಷ ನಿಜವಾಗಿದ್ದ ಮಾತು ಈಗ ಸುಳ್ಳಾಗಿತ್ತು, ರುಚಿ ಮಾತ್ರ ಬದಲಾಗಿರಲಿಲ್ಲ.

ಕೊನೆಗೆ ಅವಳ ಬಾಯಿ ಬಿಡಿಸಿದ್ದು ಹೊಸ ವ್ಯಾನೊಂದರ ಡ್ರೈವರು. ಚಿಕ್ಕ ವಯಸ್ಸಿನವನು, ತಮಾಷೆಯ ಮನುಷ್ಯ. ಮೂರು ಸಲ ಒತ್ತಿ ನೋಡುವುದನ್ನು ಕಂಡು ನಕ್ಕು, “ಏನ್ ಯಜಮಾನ್ರೇ, ನಿಮ್ಮ ಕೈಲಿ ಯಾವತ್ತಾದ್ರೂ ಬ್ರೇಕ್ ಕೆಟ್ಟಿದ್ಯಾ?” ಎಂದು ಕೇಳಿದ.

“ಒಂದ್ಸಲ,” ಎಂದ ಡೌಟಣ್ಣ. “ಒಬ್ರು ಹೋಗ್ಬಿಟ್ರು.”

“ನಿಮ್ಮ ತಪ್ಪಿಂದಾನಾ?”

“ಅಲ್ಲ ಅನ್ನೋಕೆ ಇವತ್ತಿನವರೆಗೂ ಏನೂ ಸಿಕ್ಕಿಲ್ಲ.”

ಪರದೆಯ ಈಚೆ ಅವಳು ತೊಳೆಯುತ್ತಿದ್ದಳು. ಕೈಯಲ್ಲಿದ್ದ ವಾಲ್ವು ತಟ್ಟೆಗೆ ಬಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಎರಡು ಲೋಟವನ್ನೂ ಬಾಟಲಿಯನ್ನೂ ಬುಟ್ಟಿಯಲ್ಲಿಟ್ಟು ತಂದಳು. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂರನ್ನೂ ಸಾಲಾಗಿ ಇಟ್ಟಳು.

“ಅಣ್ಣ,” ಎಂದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. “ನೀವು ಅವತ್ತು ಕೇಳಿದ ಬಾಟ್ಲಿ.”

ಆತ ಲೋಟವನ್ನು ಮುಟ್ಟಲಿಲ್ಲ. ಮೊದಲು ಕೈ ಒರೆಸಿಕೊಂಡ. ಮೊದಲ ಬಟ್ಟಲನ್ನು ತೆಗೆದು ಉಗುರಿಲ್ಲದ ಹೆಬ್ಬೆರಳಿನಿಂದ ಅಂಚನ್ನು ಸುತ್ತ ತಡವಿದ. ಎರಡನೆಯದನ್ನೂ ತಡವಿದ. ಬಾಟಲಿಯ ಮುಚ್ಚಳ ತೆಗೆದು ಮೂಸಿದ.

“ಮಿಷನ್ ಎಣ್ಣೆ.”

“ಹೂಂ. ತಳದಲ್ಲಿತ್ತು. ಅವ್ರು ತಂದ ಡಬ್ಬಿ ಸೋರ್ತಿತ್ತು, ಇದನ್ನ ಚೆಲ್ಲದೆ ಅದರ ಮೇಲೇ ನಾನೇ ಹಾಕ್ದೆ.”

“ಎಷ್ಟಿತ್ತು?”

“ಎರಡು ಬೆರಳು.”

“ಅಡ್ಡಾನೋ ಉದ್ದಾನೋ?”

“ಅಡ್ಡ.”

ಆತ ತಲೆಯಾಡಿಸಿ ಬಾಟಲಿಯ ಪಕ್ಕಕ್ಕೆ ಎರಡು ಬೆರಳು ಅಡ್ಡ ಹಿಡಿದು ನೋಡಿದ. “ಮೇಲೆ ತೇಲಿರುತ್ತೆ. ಅವ್ರು ಅಲ್ಲಾಡಿಸ್ದೆ ಸುರಿದಿದ್ರೆ ಅದೇ ಮೊದಲು ಹೋಗಿರುತ್ತೆ.” ಬಾಟಲಿಯ ಮುಚ್ಚಳ ಹಾಕಿ, “ಹಾಗಾದ್ರೆ ನನ್ನ ಡಬ್ಬಿ ಅಲ್ಲ,” ಎಂದ. ಆ ಮಾತನ್ನು ಅವಳಿಗೆ ಹೇಳಿದಂತೆ ಇರಲಿಲ್ಲ. ಹಿಂದಕ್ಕೆ ಸರಿದು ಸ್ಟೂಲು ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ಕೂತ.

ಅವಳು ನಿಂತೇ ಇದ್ದಳು. ಬೈಯಲಿ ಎಂದು ಕಾದಳು.

“ಅವತ್ತೇ ಕೊಡ್ಬೇಕಿತ್ತು ನಾನು,” ಎಂದಳು.

“ಕೊಡ್ಬೇಕಿತ್ತು.” ಆತ ಅದನ್ನು ಅಲ್ಲಗಳೆಯಲಿಲ್ಲ. “ಸೋರೋ ಡಬ್ಬಿ ಕೊಟ್ಟಿದ್ದು ನಮ್ಮ ಅಂಗಡಿ. ಬೇರೆ ಬಾಟ್ಲಿಗೆ ಹಾಕ್ಬೇಡಿ ಅಂತ ನಾನು ಅವ್ರಿಗೆ ಹೇಳಿದ್ನಾ, ಇಲ್ವಾ? ಅದು ನೆನಪಿಲ್ಲ. ಹೇಳಿರ್ಲಿಕ್ಕಿಲ್ಲ.”

ಅಲ್ಲಿಗೆ ಆತನಿಗೆ ಮತ್ತೊಂದು ಅನುಮಾನ ಸಿಕ್ಕಿತ್ತು. ಎರಡು ಬಟ್ಟಲನ್ನೂ ಬಾಟಲಿಯನ್ನೂ ಹೊಸ ಬಟ್ಟೆಯಲ್ಲಿ ಕಟ್ಟಲು ಹೇಳಿದ. ಲಾರಿಯ ನಂಬರು ಅವಳೇ ಬರೆದಳು. ಅದರ ಕೆಳಗೆ ಏನು ಬರೆಯಲಿ ಎಂದು ಕೇಳಿದಾಗ, “ನಂಬರ್ ಸಾಕು,” ಎಂದ. ಗಂಟು ಆ ಎರಡು ಗಂಟುಗಳ ಪಕ್ಕಕ್ಕೆ ಹೋಯಿತು.

ಭಾನುವಾರ ನಾದಿನಿಗೂ ಹೇಳಿದಳು. ನಾದಿನಿ ಲೋಟ ಕೆಳಗಿಟ್ಟು ಅವಳ ಮುಖವನ್ನೇ ನೋಡಿದಳು. ಆಮೇಲೆ, “ಇದನ್ನ ಅವನೇ ನಿನ್ನ ಬಾಯಲ್ಲಿ ಹೇಳ್ಸಿದಾನೆ,” ಎಂದಳು. ಆದರೆ ಚಹಾ ಕುಡಿಯಲಿಲ್ಲ. ಹೋಗುವಾಗ ಹೊಲಿಗೆ ಮಿಷನ್ನಿನ ಪಕ್ಕದಿಂದ ಹಾದು ಹೋಗಬೇಕಿತ್ತು. ಸುತ್ತು ಹಾಕಿ ಗೋಡೆಯ ಕಡೆಯಿಂದ ಹೋದಳು.

ಡೌಟಣ್ಣ ಆಮೇಲೆ ಕೆಲಸ ಮಾಡಿದ್ದು ಹದಿನಾರು ದಿನ. ಹದಿನೇಳನೆಯ ದಿನ ಬೆಳಿಗ್ಗೆ ಬರಲಿಲ್ಲ. ಮಾಲೀಕನೂ ವೆಲ್ಡರನೂ ಹೋಗಿ ಆತನ ಕೋಣೆಯ ಬಾಗಿಲು ಒಡೆಯಬೇಕಾಯಿತು. ಒಳಗಿನಿಂದ ಎರಡು ಅಗಳಿ ಹಾಕಿ, ಅದಕ್ಕೊಂದು ಕುರ್ಚಿ ಒರಗಿಸಿದ್ದ. ಮಲಗಿದ ಹಾಗೆಯೇ ತೀರಿಕೊಂಡಿದ್ದ. ಕಪಾಟಿನಲ್ಲಿ ಬೇರೆಯವರ ಮನೆಯಲ್ಲಿ ಫೋಟೊ ಇಡುವ ಜಾಗದಲ್ಲಿ ಉದ್ದಕ್ಕೆ ಸೀಳಿದ ಮಾಸ್ಟರ್ ಸಿಲಿಂಡರ್ ಒಂದಿತ್ತು, ಒಳಗೆಲ್ಲ ಕಾಣುವಂತೆ.

ಅದರ ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ಒಂದು ಶಾಲೆಯ ವ್ಯಾನು ಗುಂಡಿಯ ಮೇಲಿತ್ತು. ಗಾಳಿ ತೆಗೆಯಬೇಕಿತ್ತು. ಆತನ ಮಂಡಿ ಮಡಚುತ್ತಿರಲಿಲ್ಲ, ಗುಂಡಿಗೆ ಇಳಿಯಲು ಆಗಲಿಲ್ಲ. “ಇವತ್ತು ನೀವು ಕೆಳಗೆ, ನಾನು ಮೇಲೆ,” ಎಂದ.

ಅವಳು ಇಳಿದಳು. ತಿರುಪಿಗೆ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸೀಸೆಯ ಎಣ್ಣೆಯಲ್ಲಿ ಮುಳುಗಿಸಿ, “ಒತ್ತಿ” ಎಂದಳು. ಗುಳ್ಳೆಗಳು ದುಡುದುಡು ಬಂದವು. “ಹಿಡ್ಕೊಳ್ಳಿ.” ತಿರುಪು ಬಿಗಿಮಾಡಿ, “ಬಿಡಿ.” ಮೂರು ಚಕ್ರ ಮುಗಿಯಿತು. ನಾಲ್ಕನೆಯದರಲ್ಲಿ ಗುಳ್ಳೆ ನಿಂತ ಮೇಲೂ ಅವಳು ತಿರುಪು ಬಿಗಿಮಾಡಲಿಲ್ಲ. ನಿಂತಿದೆ ಎಂದು ಕಂಡಿತು. ಕಂಡದ್ದರ ಮೇಲೆ ನಂಬಿಕೆ ಬರಲಿಲ್ಲ. “ಇನ್ನೊಂದ್ಸಲ ಒತ್ತಿ ಅಣ್ಣ.” ಗುಳ್ಳೆ ಇಲ್ಲ. “ಇನ್ನೊಂದ್ಸಲ.” ಸೀಸೆಯನ್ನು ಬೆರಳಿನಿಂದ ತಟ್ಟಿ, ದೀಪ ಹತ್ತಿರ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಏನೂ ಇರಲಿಲ್ಲ. ಮೂರನೆಯ ಸಲವೂ ಒತ್ತಿಸಿದಳು.

ಸೀಟಿನ ಮೇಲೆ ಆತ ಕದಲಿದ ಸದ್ದಾಯಿತು. ವ್ಯಾನಿನ ಬಾಗಿಲು ಅರ್ಧ ತೆರೆದು, ಒಂದು ಕಾಲು ಇಳಿಬಿದ್ದು ಗಾಳಿಯಲ್ಲೇ ನಿಂತಿತು. ಮೇಲಿನಿಂದ ಆತನ ಧ್ವನಿ ಬಂತು.

“ಗುಳ್ಳೆ ನಿಂತ್ವಾ, ಡ್ರೈವರಮ್ಮ? ನಾನೂ ಇಳಿದು ಬಂದು ನೋಡ್ಬೇಕಾ, ನೀವು ನೋಡಿದ್ದು ಸಾಕಾ?”